ದೃಷ್ಟಿಗೊಂಬೆಯ ನೆರಳು

"ಗುರುಗಳೇ, ಜನ ನನ್ನ ಜೊತೆಯವನ ಹಾಡನ್ನು ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಉರಿಯುವುದು ನನ್ನ ಹೊಟ್ಟೆ ತಾನೆ? ಅದರಿಂದ ಅವನಿಗೇನು ನಷ್ಟ?" ಎಂದು ಶಿಷ್ಯ ಕೇಳಿದ.

ಗುರು ನಕ್ಕರು. "ಕೂತುಕೋ ಮಾರಾಯ, ಕತೆ ಕೇಳು," ಎಂದರು.

ಕರೆಂಟಿನ ಕಂಬ ಹತ್ತದ ಒಂದು ಗುಡ್ಡದ ಹಟ್ಟಿ. ಅಲ್ಲಿ ಇಬ್ಬರು ವಾರಗಿತ್ತಿಯರು ಅಕ್ಕಪಕ್ಕದ ಮನೆಗಳಲ್ಲಿದ್ದರು. ಸೋಲಾರ್ ದೀಪ ಹಾಕುವವರು ಬಂದಾಗ ಹಿರಿಯಳು, "ಹಗಲಿನ ಬಿಸಿಲನ್ನು ರಾತ್ರಿ ಉರಿಸುತ್ತಾರಂತೆ! ಯಾರ ಕಿವಿಗೆ ಹೂವು ಇಡುತ್ತೀರಿ?" ಎಂದು ಮೂಗು ಮುರಿದಳು. ಕಿರಿಯಳು ಹಾಕಿಸಿಕೊಂಡಳು.

ಅಲ್ಲಿ ದೀಪ ಹತ್ತಿತು ನೋಡು, ಇಲ್ಲಿ ಹಿರಿಯಳ ನೆಮ್ಮದಿ ಆರಿತು. ಅಲ್ಲಿಯವರೆಗೆ ಅವಳ ಲಾಟೀನಿನ ಸುತ್ತ ಕೂತು ಕಾಳು ಆರಿಸುತ್ತ ಹರಟುತ್ತಿದ್ದ ಹೆಂಗಸರೆಲ್ಲ ಮೊರ ಎತ್ತಿಕೊಂಡು ಕಿರಿಯಳ ಜಗಲಿಗೆ ಹೋದರು. ಅವರ ನಗು ಕೇಳಿದಾಗಲೆಲ್ಲ ಹಿರಿಯಳಿಗೆ ಮೈಯೆಲ್ಲ ಉರಿ. ಕೈಯಿಂದ ಏನೂ ಮಾಡಲಿಲ್ಲ, ಪಾಪ. ಬಾಗಿಲಲ್ಲಿ ನಿಂತು ಪಕ್ಕದ ಮಾಡಿನ ಮೇಲಿನ ಸೋಲಾರ್ ಪ್ಲೇಟನ್ನು ದುರುಗುಟ್ಟಿ ನೋಡುತ್ತಿದ್ದಳು, ಅಷ್ಟೇ.

ಆ ನೋಟಕ್ಕೆ ಕಿರಿಯಳು ಹೆದರಿದಳು. ದೃಷ್ಟಿ ತಾಗದಿರಲೆಂದು ಪ್ಲೇಟಿನ ಮುಂದೆಯೇ ದೊಡ್ಡದೊಂದು ದೃಷ್ಟಿಗೊಂಬೆ ಕಟ್ಟಿದಳು. ಅಂದಿನಿಂದ ದೀಪ ಮಂಕಾಯಿತು. ಅಕ್ಕನ ಕಣ್ಣು ಬಿದ್ದೇ ಬಿಟ್ಟಿತು ಎಂದುಕೊಂಡಳು ಕಿರಿಯಳು. ಹಿರಿಯಳೂ ಹಾಗೆಯೇ ಅಂದುಕೊಂಡಳು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಹಿರಿಯಳ ಮಗಳು ಹೆರಿಗೆಗೆ ತವರಿಗೆ ಬಂದಳು. ಕೂಸು ಅಡ್ಡ ತಿರುಗಿದೆ, ಇರುಳಲ್ಲಿ ನೋವು ಬಂದರೆ ಒಳ್ಳೆಯ ಬೆಳಕು ಬೇಕೇ ಬೇಕು ಎಂದಳು ಸೂಲಗಿತ್ತಿ. ಅಂಥ ಬೆಳಕಿಗೆ ಇದ್ದದ್ದು ಕಿರಿಯಳ ದೀಪವೊಂದೇ. ಅಂದು ಮೊದಲ ಸಲ ಅವಳು ಆ ಪ್ಲೇಟನ್ನು ಕಿಚ್ಚಿಲ್ಲದೆ ನೋಡಿದಳು. ಗೊಂಬೆಯ ನೆರಳು ಅದರ ಮೇಲೇ ಬಿದ್ದಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿದಳು.

"ತಂಗೀ, ದೀಪ ಮಂಕಾದದ್ದು ನನ್ನ ಕಣ್ಣಿನಿಂದಲ್ಲ ಕಣೇ! ನಿನ್ನ ಗೊಂಬೆ ಬಿಸಿಲಿಗೆ ಅಡ್ಡ ನಿಂತಿದೆ. ಕಿತ್ತು ಹಾಕೇ!"

ಕಿರಿಯಳು ಅವಳ ಮುಖವನ್ನೇ ನೋಡಿದಳು. "ಬೇರೆ ಯಾರು ಹೇಳಿದ್ದರೂ ಕೀಳುತ್ತಿದ್ದೆ, ಅಕ್ಕಾ. ಹೇಳಿದವಳು ನೀನು."

ಹುಡುಗಿಯ ಹೆರಿಗೆಗೆ ಇರುವಷ್ಟು ಬೆಳಕಾದರೂ ಉಳಿಯಲಿ ಎಂದು ಕಿರಿಯಳು ಇನ್ನೊಂದು ಗೊಂಬೆ ಕಟ್ಟಿದಳು. ನೋವು ಬಂದ ರಾತ್ರಿ ಸೂಲಗಿತ್ತಿ ಮಬ್ಬಿನಲ್ಲಿ ತಡಕಾಡಿದಳು. ಮಗಳು ಉಳಿದಳು, ಕೂಸು ಉಳಿಯಲಿಲ್ಲ.

ಶಿಷ್ಯ ತಡೆಯಲಾರದೆ, "ಆದರೆ ಹಿರಿಯಳು ಏನೂ ಮಾಡಲಿಲ್ಲವಲ್ಲ ಗುರುಗಳೇ, ಬರೀ ನೋಡಿದಳು," ಎಂದ.

ಗುರು ಕೇಳಿದರು: "ನಿನ್ನೆ ನೀನು ಒಳಗೆ ಬಂದದ್ದನ್ನು ಕಂಡು ನಿನ್ನ ಜೊತೆಯವನು ಹಾಡು ನಿಲ್ಲಿಸಿಬಿಟ್ಟನಲ್ಲ, ನೀನು ಅವನಿಗೆ ಏನು ಮಾಡಿದ್ದೆ?"