ಕೊಳಕುಮಂಡಲದ ದಾಯಾದಿಗಳು

ಊರೊಳಗೆ ಸಿಕ್ಕ ಹಾವುಗಳನ್ನು ಹೊಳೆ ದಾಟಿಸಿ ಕಾಡಿಗೆ ಬಿಡುವುದು ಆ ಆಶ್ರಮದ ವಾಡಿಕೆ. ಅಂದಿನ ಸರದಿ ಶಿಷ್ಯ ಕೆಂಡಗಣ್ಣನದು. ಬಾಯಿಗೆ ಬಟ್ಟೆ ಬಿಗಿದ ಗಡಿಗೆಯಲ್ಲಿದ್ದದ್ದು ಕೊಳಕುಮಂಡಲ.

ಅವನನ್ನು ಸಾಕಿದ ಅಕ್ಕ ಎರಡು ತಿಂಗಳ ಹಿಂದೆ ಸತ್ತದ್ದೂ ಕೊಳಕುಮಂಡಲ ಕಚ್ಚಿಯೇ.

ಅವನು ಗಡಿಗೆಯನ್ನು ಹರಿಗೋಲಿಗೆ ಏರಿಸಲಿಲ್ಲ. ದಡದ ಮೇಲಿಟ್ಟು, ಎರಡೂ ಕೈಯಲ್ಲಿ ಕಲ್ಲೆತ್ತಿದ.

"ಇಳಿಸಬೇಡ," ಹಿಂದಿನಿಂದ ಗುರು ಅಕ್ಷರಾಂಬೆಯ ದನಿ ಬಂತು. "ಕಲ್ಲು ಹಿಡಿದೇ ಉತ್ತರ ಹೇಳು."

ಕಾವಿ ಉಡುವ ಮುನ್ನ ಅವರು ಕಾಲೇಜಿನಲ್ಲಿ ಜೀವರಸಾಯನ ಕಲಿಸುತ್ತಿದ್ದರು. ಕಾಲೇಜು ಬಿಟ್ಟಿತ್ತು, ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ.

"ವಿಷದಲ್ಲಿ ಏನೇನೋ ಇರುತ್ತೆ. ನಿನಗೆ ಯಾವುದರ ಮೇಲೆ ಜಾಸ್ತಿ ಸಿಟ್ಟು?"

"ಫಾಸ್ಫೋಲಿಪೇಸ್," ಅಂದ ಹಲ್ಲು ಕಚ್ಚಿ. "ನೀವೇ ಹೇಳಿಕೊಟ್ಟಿದ್ದು. ಒಂದೊಂದು ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆ ಇರುತ್ತೆ. ಆ ಕಿಣ್ವ ಅದನ್ನ ಕತ್ತರಿಸ್ತಾ ಹೋಗುತ್ತೆ. ಗೋಡೆಗೆ ಕನ್ನ ಕೊರೆದ ಹಾಗೆ."

"ಅದಿರೋ ಪ್ರಾಣಿ ಬದುಕಬಾರದು ಅಂತೀಯ?"

"ಬದುಕಬಾರದು. ಅಕ್ಕನಾಣೆ, ಒಂದನ್ನೂ ಬಿಡಲ್ಲ."

ಅಕ್ಷರಾಂಬೆ ಗಡಿಗೆಯನ್ನು ಪಕ್ಕಕ್ಕೆ ಸರಿಸಿದರು. ಅದಿದ್ದ ಜಾಗದಲ್ಲಿ ತಾವೇ ಚಕ್ಕಳಮಕ್ಕಳ ಹಾಕಿ ಕೂತು ತಲೆ ಬಗ್ಗಿಸಿದರು.

"ಹಾಕು ಕಲ್ಲು."

"ಅಮ್ಮಾ! ಏನು ಮಾತು ಅಂತ ಆಡ್ತೀರಿ?"

"ನನ್ನ ಹೊಟ್ಟೇಲೂ ಇದೆ ಅದು. ತಿಂದ ಕೊಬ್ಬು ಅರಗಬೇಕಲ್ಲಪ್ಪ. ಹಾವಿಂದೂ ನಂದೂ ದಾಯಾದಿಗಳು."

ನಗುತ್ತಿದ್ದಾರೇನೋ ಅಂತ ಬಗ್ಗಿ ಅವರ ಮುಖ ನೋಡಿದ. ನಗು ಇರಲಿಲ್ಲ.

"ತಮಾಷೆ ಮಾಡಬೇಡಿ."

"ನಿನ್ನ ಹೊಟ್ಟೇಲೂ ಇದೆ. ನನ್ನ ಮುಗಿಸಿ ಆಮೇಲೆ ನಿನ್ನ ತಲೆ ಮೇಲೂ ಒಂದು ಎತ್ತಿಹಾಕ್ಕೋ. ಆಣೆ ಇಟ್ಟಿದ್ದೀಯಲ್ಲ."

ಕೇಳಬಾರದು ಅಂದುಕೊಂಡದ್ದೇ ಕೆಂಡಗಣ್ಣನ ನಾಲಿಗೆಗೆ ಬಂತು.

"ಅಕ್ಕನಲ್ಲೂ ಇತ್ತಾ?"

"ಇತ್ತು. ನಿನ್ನನ್ನ ಎತ್ತಿ ಆಡಿಸ್ತಿದ್ದಾಗಲೂ ಇತ್ತು."

ಕಲ್ಲನ್ನು ಅತ್ತ ಎಸೆದು ಅವನು ಕುಸಿದು ಕೂತ. ಅಕ್ಕನ ಹೆಣ ಎತ್ತುವಾಗ ಒಂದು ಹನಿ ಕಣ್ಣೀರೂ ಹಾಕದಿದ್ದವನು, ಈಗ ಬಿಕ್ಕಿ ಬಿಕ್ಕಿ ಅತ್ತ.

ಬಹಳ ಹೊತ್ತಾದ ಮೇಲೆ ಎದ್ದ. ಗಡಿಗೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಹರಿಗೋಲಿನಲ್ಲಿಟ್ಟ. ಹುಟ್ಟು ಹಿಡಿಯುವ ಮೊದಲು, ಮುಖ ಒರೆಸಿಕೊಳ್ಳಲು ಹೆಗಲ ಮೇಲಿನ ಟವಲು ಎಳೆದ.

"ಇರಲಿ ಬಿಡು, ಒರೆಸ್ಕೋಬೇಡ," ಅಂದರು ಗುರು. "ಕಣ್ಣೀರಲ್ಲೂ ಇದೆ ಅದು. ಕ್ರಿಮಿಗಳ ಪೊರೆ ಕತ್ತರಿಸಿ ನಿನ್ನ ಕಣ್ಣು ಕಾಯ್ತಾ ಇದೆ."