ಉಪದೇಶಿಗೊಂದು ಜಪ

ಪಾದ್ರಿ ಇನ್ನಾಸಪ್ಪ ಸ್ವಾಮಿಗಳ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಅದಕ್ಕೆ ಅಂಟಿಕೊಂಡೇ ಊರ ಕ್ರೈಸ್ತರ ಸಮಾಧಿಗಳು, ಸುತ್ತ ಒಂದು ಕಲ್ಲಿನ ಗೋಡೆ.

ಸ್ವಾಮಿಗಳ ಶಿಷ್ಯ ಚೌರಪ್ಪ. ಒಳ್ಳೆಯವನು, ಓದಿದವನು. ತಂದೆಯ ಮಾತು ಬಂದರೆ ಮಾತ್ರ ಅವನ ಎದೆ ಒಂದು ಗೇಣು ಮುಂದೆ ಬರುತ್ತಿತ್ತು.

ಬರಲಿ ಬಿಡಿ, ಅದು ಹೆಮ್ಮೆಪಡುವ ಮಾತೇ. ತಂದೆ ರಾಯಪ್ಪನವರು ಆ ಊರಿನ ಉಪದೇಶಿ. ಪಾದ್ರಿಗಳು ಅಪರೂಪಕ್ಕೆ ಬರುತ್ತಿದ್ದ ಕಾಲದಲ್ಲಿ, ಮಕ್ಕಳು ಮುದುಕರೆನ್ನದೆ ಇಡೀ ಊರಿಗೆ ಜಪ ಕಲಿಸಿದವರು.

ಅವರು ತೀರಿಕೊಂಡ ಮೇಲೆ ಜನ ಅವರ ಸಮಾಧಿ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಕಾಯಿಲೆ ಬಿದ್ದ ಕೂಸುಗಳನ್ನು ಅಲ್ಲಿ ಮಲಗಿಸಿ ಬೇಡಿಕೊಂಡರು.

ಸತ್ತವರಿಗಾಗಿ ಪ್ರಾರ್ಥಿಸುವ ಹಬ್ಬ ಬಂತು. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಮನೆಮಂದಿಯೆಲ್ಲ ಮಂಡಿಯೂರುವ ಸಂಜೆ ಅದು. ಸ್ವಾಮಿಗಳು ತೀರ್ಥದ ಪಾತ್ರೆ ಹಿಡಿದು ಒಂದೊಂದೇ ಸಮಾಧಿಗೆ ಚಿಮುಕಿಸುತ್ತ ಬಂದರು.

ರಾಯಪ್ಪನವರ ಸಮಾಧಿಯ ಹತ್ತಿರ ತಾಯಿ ಮಗನಿಗೆ ಜಟಾಪಟಿ ನಡೆದಿತ್ತು. ಮಂಡಿಯೂರಿ ಕೂತಿದ್ದ ತಾಯಿ ಮದಲೇನಮ್ಮನ ತೋಳನ್ನು ಚೌರಪ್ಪ ಹಿಡಿದಿದ್ದ.

“ಏಳವ್ವ. ಜನ ನೋಡ್ತಾ ಇದಾರೆ.”

“ನೋಡ್ಲಿ ಬಿಡು. ನನ್ನ ಗಂಡನ ಆತ್ಮಕ್ಕೆ ಶಾಂತಿ ಕೇಳ್ತಾ ಇದೀನಿ. ಕದ್ದು ಕೇಳ್ಬೇಕಾ?”

ಸ್ವಾಮಿಗಳು ನಿಂತರು. “ಏನಪ್ಪ ಚೌರಿ?”

“ನೀವೇ ಹೇಳಿ ಸ್ವಾಮಿ. ಊರೆಲ್ಲ ಅಪ್ಪನ ಹತ್ರ ಬೇಡ್ಕೊಳ್ತಾ ಇದೆ. ಅವ್ವ ನೋಡಿದ್ರೆ ಅಪ್ಪನಿಗೋಸ್ಕರ ಬೇಡ್ಕೊಳ್ತಾಳೆ. ಪಾಪ ತೊಳೆಯೋ ಬೆಂಕೀಲಿ ಅವರಿನ್ನೂ ಬೇಯ್ತಾ ಇದಾರೆ ಅಂತ ಡಂಗುರ ಹೊಡೆದ ಹಾಗಲ್ವಾ? ನಮ್ಮಪ್ಪ ನೇರವಾಗಿ ಸ್ವರ್ಗಕ್ಕೆ ಹೋದೋರು.”

“ಬಾಗಿಲವರೆಗೂ ಬಿಟ್ಟು ಬಂದ್ಯಾ?”

ಚೌರಪ್ಪನ ಮುಖ ಕೆಂಪಾಯಿತು. “ಸತ್ತ ಗಳಿಗೇಲೇ ತೀರ್ಪು ಆಗುತ್ತೆ ಅಂತ ನೀವೇ ಪಾಠ ಮಾಡಿದ್ರಿ.”

“ಮಾಡಿದ್ದೆ. ಆ ಗಳಿಗೆಗೇ ಪ್ರೀತೀನೂ ನಿಲ್ಲಿಸ್ಬೇಕು ಅಂತ ಪಾಠ ಮಾಡಿದ್ನಾ?”

ಚೌರಪ್ಪ ತಾಯಿಯ ತೋಳು ಬಿಡಲಿಲ್ಲ.

“ಇರಲಿ. ನಾಳೆ ನಾನು ಸತ್ರೆ?”

“ನೀವೂ ನೇರವಾಗಿ ಸ್ವರ್ಗಕ್ಕೇ ಸ್ವಾಮಿ. ನಿಮಗ್ಯಾಕೆ ಜಪ?”

“ಕೆಟ್ಟೆ! ಹೊಗಳಿ ಹೊಗಳಿ ನನ್ನನ್ನ ಬೆಂಕೀಲೇ ಬಿಡೋ ಶಿಷ್ಯ ಸಿಕ್ಕಿದ ನಂಗೆ.”

ಅಕ್ಕಪಕ್ಕದ ಸಮಾಧಿಗಳ ಬಳಿ ಇದ್ದವರು ನಕ್ಕರು. ಚೌರಪ್ಪ ನಗಲಿಲ್ಲ.

ಸ್ವಾಮಿಗಳು ಮದಲೇನಮ್ಮನ ಕಡೆ ತಿರುಗಿದರು. “ಅಮ್ಮ, ಈ ಜಪ ಮಾಡು ಅಂತ ನಿಮಗೆ ಯಾರು ಹೇಳಿದ್ದು?”

“ಅವರೇ ಸ್ವಾಮಿ. ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡು ಹೇಳಿದ್ರು. ‘ಊರೋರು ನನ್ನ ದೊಡ್ಡೋನು ಅಂದ್ಕೊಂಡು ನಂಗೋಸ್ಕರ ಜಪ ಮಾಡೋದನ್ನೇ ಬಿಟ್ಬಿಡ್ತಾರೆ. ನೀನಾದ್ರೂ ಬಿಡಬೇಡ ಕಣೆ’ ಅಂತ.”

ಚೌರಪ್ಪನ ಹಿಡಿತ ಸಡಿಲಾಯಿತು. “ಅಪ್ಪ ಅಂಥ ತಪ್ಪೇನು ಮಾಡಿದ್ರು?”

ತಾಯಿ ಗೋಡೆಯ ಕಡೆ ನೋಡಿದಳು. ದನಿ ತಗ್ಗಿಸಿ ಹೇಳಿದಳು.

“ನಿನ್ನ ಚಿಕ್ಕಪ್ಪ ಅರುಳಪ್ಪನ ಮೊದಲ ಕೂಸು ಹುಟ್ಟಿದ ದಿನವೇ ಹೋಯ್ತು. ಜ್ಞಾನಸ್ನಾನ ಆಗಿರ್ಲಿಲ್ಲ. ಅಂಥ ಕೂಸಿಗೆ ಗೋಡೆ ಒಳಗೆ ಜಾಗ ಇಲ್ಲ ಅನ್ನೋದು ಆಗಿನ ಕಟ್ಟಳೆ. ಅರುಳಪ್ಪ ನಿಮ್ಮಪ್ಪನ ಕಾಲು ಹಿಡ್ಕೊಂಡ. ಊರಿಗೊಂದು ಕಟ್ಟಳೆ, ನನ್ನ ತಮ್ಮನಿಗೊಂದು ಕಟ್ಟಳೆ ಮಾಡಕ್ಕಾಗಲ್ಲ ಅಂದ್ರು ಇವರು. ಕೂಸನ್ನ ಗೋಡೆ ಆಚೆ ಮಣ್ಣು ಮಾಡಿದ್ರು. ಅವತ್ತಿಂದ ಅಣ್ಣ ತಮ್ಮ ಮಾತಾಡ್ಲಿಲ್ಲ.”

ಸಮಾಧಿಯ ಮೇಲಿನ ಹೂವು ಸರಿಮಾಡುತ್ತ ಮತ್ತೆ ಹೇಳಿದಳು. “ತಪ್ಪಾಯ್ತು ಅಂತ ಹೇಳಕ್ಕೆ ಎಷ್ಟೋ ಸಲ ಹೊರಟ್ರು. ಅರ್ಧ ದಾರಿಗೆ ಹೋಗಿ ವಾಪಸ್ ಬರೋರು.”

“ನಂಗ್ಯಾಕೆ ಯಾರೂ ಹೇಳ್ಲಿಲ್ಲ?”

“ನಿನ್ನ ಕಣ್ಣಲ್ಲಿ ಸಣ್ಣೋರಾಗಕ್ಕೆ ಅವರಿಗೆ ಭಯ ಇತ್ತು.”

ಮದಲೇನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಲೆ ಎತ್ತಿದಳು. ಈ ಸಲ ಮಾತು ಎಲ್ಲರಿಗೂ ಕೇಳಿಸಿತು.

“ಹಂಗಂತ ನನ್ನ ಗಂಡ ಯಾರಿಗೂ ಕಡಿಮೆ ಅಲ್ಲ. ಈ ಊರಲ್ಲಿ ಶಿಲುಬೆ ಗುರುತು ಹಾಕೋ ಕೈಗಳಿಗೆಲ್ಲ ಕಲಿಸಿದ್ದು ಅವರೇ. ಅವರ ಹೆಂಡತಿ ಅಂತ ಹೇಳ್ಕೊಳ್ಳಕ್ಕೆ ನಂಗೆ ಇವತ್ತಿಗೂ ಹೆಮ್ಮೆ. ನನ್ನವರು ಅಂತಲೇ ಜಪ ಮಾಡ್ತೀನಿ. ಯಾರು ಬೇಡ ಅಂದ್ರೂ ಬಿಡಲ್ಲ.”

ನನ್ನನ್ನು ಕೇಳಿದರೆ, ರಾಯಪ್ಪನವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಆ ಊರಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ.

ಚೌರಪ್ಪ ತಾಯಿಯ ಪಕ್ಕದಲ್ಲಿ ಮಂಡಿಯೂರಿದ. ಕೈ ಮುಗಿದು, ತೀರ್ಥ ಬೀಳಲೆಂದು ಕಾದ.

ಬೀಳಲಿಲ್ಲ. ಸ್ವಾಮಿಗಳು ಪಾತ್ರೆ ಎತ್ತಿಕೊಂಡು ಹೊರಟೇಬಿಟ್ಟಿದ್ದರು. ಗೇಟು ದಾಟಿ, ಗೋಡೆಯ ಆಚೆ, ಹುಲ್ಲು ಬೆಳೆದ ನೆಲದಲ್ಲಿ ಅರುಳಪ್ಪ ಕೂಸಿನ ಗುರುತಿಗೆ ನೆಟ್ಟಿದ್ದ ಕಲ್ಲಿನ ಪಕ್ಕ ನಿಂತರು.

ಚೌರಪ್ಪ ಎದ್ದು ಓಡಿ ಬಂದ. “ಸ್ವಾಮಿ, ಅಪ್ಪನ ಸಮಾಧಿ ಬಾಕಿ ಇದೆ.”

“ಮೊದಲು ಈ ಕೂಸು, ಆಮೇಲೆ ನಿಮ್ಮಪ್ಪ. ಹೋಗಿ ನಿನ್ನ ಚಿಕ್ಕಪ್ಪನನ್ನ ಕರ್ಕೊಂಡು ಬಾ. ಅವನಿಲ್ಲದೆ ಎರಡೂ ಆಗಲ್ಲ.”

“ಅವರು ಬರಲ್ಲ ಅಂದ್ರೆ?”

“ನಾನು ಇಲ್ಲೇ ನಿಂತಿರ್ತೀನಿ.”

“ಕತ್ತಲಾಗುತ್ತೆ ಸ್ವಾಮಿ.”

“ಆಗ್ಲಿ.”

ಚೌರಪ್ಪ ಒಮ್ಮೆ ಊರಿನ ದಾರಿ ನೋಡಿದ, ಒಮ್ಮೆ ಗುರುಗಳ ಮುಖ ನೋಡಿದ. ಹೆಜ್ಜೆ ಮುಂದೆ ಬರಲಿಲ್ಲ.

“ಅಪ್ಪನ ಕೈಲೇ ಆಗದೇ ಇದ್ದದ್ದು ನನ್ನ ಕೈಲಿ ಆಗುತ್ತಾ? ನಾನು ಯಾವತ್ತೂ ಆ ಮನೆ ಮೆಟ್ಟಿಲು ಹತ್ತಿಲ್ಲ. ಈಗ ತಲೆ ತಗ್ಗಿಸ್ಕೊಂಡು ಹೋಗ್ಬೇಕು.”

“ಯಾಕೆ ತಗ್ಗಿಸ್ತೀಯ?” ಎಂದರು ಇನ್ನಾಸಪ್ಪ ಸ್ವಾಮಿಗಳು. “ಉಪದೇಶಿ ರಾಯಪ್ಪನವರ ಮಗ ನೀನು, ತಲೆ ಎತ್ಕೊಂಡೇ ಹೋಗು. ಅರ್ಧ ದಾರಿ ಅವರು ನಡೆದಿದ್ದಾರೆ. ಉಳಿದಿದ್ದು ನಡೆಯೋಕೆ ಅವರಿಗೀಗ ಕಾಲಿಲ್ಲ, ನಿನಗಿದೆ.”