ಸುಳ್ಳನ ದಿನ್ನೆ

ತಲೆಯ ಮೇಲೆ ಗಡಿಯ ಮಣ್ಣು ಹೊತ್ತು, ಪರರ ನೆಲವನ್ನು ತನ್ನೂರಿನದೆಂದು ತುಳಿದವನು ಅಂದು ಸೂರ್ಯ ಮುಳುಗುವುದರೊಳಗೆ ಸಾಯುತ್ತಾನೆ. ಆ ಕಾಲದಲ್ಲಿ ಎಲ್ಲರೂ ಇದನ್ನು ನಂಬಿದ್ದರು. ನಂಬದವರು ಯಾರಾದರೂ ಇದ್ದರೆ ಅವರ ಹೆಸರು ಉಳಿದಿಲ್ಲ.

ತೊಂಡಿಗನೂರಿನಿಂದ ಪೂರ್ವಕ್ಕೆ ಜಾಲಿಮರಡಿಯ ಕಡೆ ಹೋಗುವ ದಾರಿಯಲ್ಲಿ, ನಡುಗೆರೆ ಕಣ್ಣಿಗೆ ಬೀಳುವ ಮೊದಲು ಒಂದು ದಿನ್ನೆ ಸಿಗುತ್ತದೆ. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಅದರಲ್ಲಿ ನೆಲದ ಉಬ್ಬು ಸ್ವಲ್ಪ, ಜನ ಎಸೆದ ಕಲ್ಲೇ ಹೆಚ್ಚು. ಆ ದಾರಿಯಲ್ಲಿ ಹೋಗುವವರು ಒಂದು ಕಲ್ಲೆತ್ತಿ ದಿನ್ನೆಯ ಮೇಲೆ ಒಗೆದು ಮುಂದೆ ಹೋಗಬೇಕು, ಇಲ್ಲದಿದ್ದರೆ ಅಂದು ಆಡಿದ ಮಾತೆಲ್ಲ ಸುಳ್ಳಾಗುತ್ತದೆ ಎನ್ನುತ್ತಾರೆ. ಕೋರ್ಟಿಗೆ ಸಾಕ್ಷಿ ಹೇಳಲು ಹೊರಟವರು ಎರಡು ಒಗೆಯುತ್ತಾರೆ. ಈಗೀಗ ಬಸ್ಸಿನ ಕಿಟಕಿಯಿಂದಲೂ ಒಗೆಯುವುದುಂಟು. ಹೋದ ವರ್ಷ ಹಾಗೆ ಒಗೆದ ಕಲ್ಲು ಎದುರು ಬರುತ್ತಿದ್ದ ಬೈಕಿನವನ ಹಣೆಗೆ ಬಿತ್ತು. ಊರವರು ಅದಕ್ಕೂ ಅವನ ಯಾವುದೋ ಸುಳ್ಳನ್ನು ಹುಡುಕಿ ತೆಗೆದರು. ಈ ದಿನ್ನೆಯ ಹೆಸರು ಸುಳ್ಳನ ದಿನ್ನೆ. ಸರ್ಕಾರದ ನಕಾಶೆಯಲ್ಲೂ ಹಾಗೆಯೇ ಬರೆದಿದೆ. ದಿನ್ನೆಯೂ ಅದರಾಚೆಯ ಕೆರೆಯೂ ಪೂರ್ತಿ ಜಾಲಿಮರಡಿಗೆ ಸೇರಿವೆ. ಸುಳ್ಳ ಯಾರು ಎಂದು ಕೇಳಿದರೆ, ಎರಡೂ ಊರಿನವರು ಒಂದೇ ಹೆಸರು ಹೇಳುತ್ತಾರೆ: ಹುಲುಗ್ಯಾ, ತೊಂಡಿಗನೂರಿನ ಕುಳವಾಡಿ. ಅವನ ಪೂರ್ತಿ ಹೆಸರು ಹುಲುಗಪ್ಪ. ಅದನ್ನು ಬಳಸಿದರೆ ಯಾರಿಗೂ ನಷ್ಟವಿಲ್ಲ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದಾಗ, ಗಡಿ ನಡುಗೆರೆಯನ್ನು ಸರಿಯಾಗಿ ಎರಡಾಗಿ ಸೀಳಿಕೊಂಡು ಹೋಗುತ್ತಿತ್ತು. ಪಡುವಣ ಅರ್ಧ ತೊಂಡಿಗನೂರಿನದು, ಮೂಡಣ ಅರ್ಧ ಜಾಲಿಮರಡಿಯದು. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ತೊಂಡಿಗನೂರಿನ ಅಡಿವೆಪ್ಪಗೌಡನನ್ನು ಬಿಟ್ಟು. ಅವನು ಕೆರೆಯ ಕೆಳಗೆ ಹೊಸದಾಗಿ ಗದ್ದೆ ಮಾಡಿದ್ದ, ಅದಕ್ಕೆ ಅರ್ಧ ಕೆರೆಯ ನೀರು ಸಾಲದಾಗಿತ್ತು. ಕೆರೆ ಮೊದಲಿನಿಂದಲೂ ಪೂರ್ತಿ ತಮ್ಮದೇ ಎಂದು ಅವನು ದೇಸಾಯರಿಗೆ ದೂರು ಕೊಟ್ಟ. ದೇಸಾಯರು ಅಂಥ ದೂರುಗಳನ್ನು ತೀರ್ಮಾನಿಸುವ ಹಳೆಯ ಕ್ರಮಕ್ಕೆ ಬಿಟ್ಟು, ನೋಡಿಕೊಳ್ಳಲು ತಮ್ಮ ಕಾರಭಾರಿಯನ್ನು ಕಳಿಸಿದರು.

ಆ ಕ್ರಮ ಹೀಗಿತ್ತು. ಪ್ರತಿ ಊರಿನ ಗಡಿಯನ್ನೂ ಕಾಲಲ್ಲಿ ಬಲ್ಲವನು ಕುಳವಾಡಿ. ಹೊಲಗೇರಿಯ ಒಂದು ಮನೆತನಕ್ಕೆ ತಂದೆಯಿಂದ ಮಗನಿಗೆ ಬರುವ ಕೆಲಸ ಅದು. ಊರೊಳಗೆ ಎಲ್ಲೆಲ್ಲಿ ಕಾಲಿಡಬಾರದು ಎಂದು ದಿನವೂ ಹೇಳಿಸಿಕೊಳ್ಳುವವನೇ ಊರು ಎಲ್ಲಿಗೆ ಮುಗಿಯುತ್ತದೆಂದು ಹೇಳಬೇಕಿತ್ತು. ಅವನು ಹಿಂದಿನ ದಿನ ಉಪವಾಸವಿದ್ದು, ಬೆಳಗ್ಗೆ ಮಿಂದು, ಗಡಿದುರ್ಗಿಯ ಗುಡಿಯ ಮುಂದಿನ ಮಣ್ಣನ್ನು ಪುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊರುತ್ತಿದ್ದ. ದಾರಿಯಲ್ಲಿ ಬೀಳದಂತೆ ಪುಟ್ಟಿಯನ್ನು ವಸ್ತ್ರದಿಂದ ಗದ್ದಕ್ಕೆ ಬಿಗಿದು ಕಟ್ಟುತ್ತಿದ್ದರು. ಆಮೇಲೆ ಅವನು ನಡೆದದ್ದೇ ಗಡಿ. ಮಣ್ಣು ತಲೆಯ ಮೇಲಿರುವವರೆಗೆ ಯಾರೂ ಅವನನ್ನು ಮುಟ್ಟುವಂತಿರಲಿಲ್ಲ, ನೀರು ಕೊಡುವಂತೆಯೂ ಇರಲಿಲ್ಲ. ದೂರು ಕೊಟ್ಟ ಊರಿನವನು ಮೊದಲು ನಡೆಯಬೇಕು. ಅವನು ಬಿದ್ದು ಸತ್ತರೆ ಆ ಜಾಗ ಅವನೂರಿನದಲ್ಲ ಎಂದು ಅರ್ಥ. ಮುಂದಿನದನ್ನು ಎದುರೂರಿನ ಕುಳವಾಡಿ ನಡೆದು ಮುಗಿಸಬೇಕು.

ಅಡಿವೆಪ್ಪಗೌಡ ಹುಲುಗಪ್ಪನನ್ನು ಮನೆಯ ಮುಂದೆ ಕರೆಸಿದ.

"ನಾಳೆ ಕೆರಿ ಒಳಗ ಇಳಿಯಬ್ಯಾಡ. ಆಚಿ ದಂಡಿ ಹಿಡಕೊಂಡು ಹೋಗು" ಎಂದ.

"ಗಡಿ ಕೆರಿ ನಡುವ ಐತ್ರಿ ಗೌಡ್ರ. ನಮ್ಮಪ್ಪ ತೋರಿಸ್ಯಾನ."

"ನಿಮ್ಮಪ್ಪ ಸತ್ತಾನ. ನಾ ಇನ್ನೂ ಅದೀನಿ."

"ಬಾಯಿಲೆ ಹೇಳಂದ್ರ ಎಷ್ಟ ಬೇಕಾದ್ರೂ ಸುಳ್ಳು ಹೇಳ್ತೀನ್ರಿ ಯಪ್ಪಾ. ನಿಮ್ಮ ಸಲುವಾಗಿ ಹೇಳೀನಿ ಸುದ್ದಾ. ಇದು ಕಾಲಿಲೆ ಹೇಳೂ ಮಾತು. ಅಲ್ಲೇ ಬಿದ್ದು ಸಾಯ್ತೀನಿ."

ಗೌಡ ಬೈಯಲಿಲ್ಲ, ಹೊಡೆಯಲಿಲ್ಲ. "ಹಂಗಾರ ಬಿಡು, ನಿನ್ನ ದಾರಿ ನೀ ನಡಿ" ಎಂದು ನಕ್ಕ. ಹುಲುಗಪ್ಪ ಕೈಮುಗಿದು ಮನೆಗೆ ಹೋಗಿ ಹೆಂಡತಿ ಸಂಕವ್ವನಿಗೆ ಗೌಡ ಬಹಳ ಒಳ್ಳೆಯವನಾಗಿದ್ದಾನೆ ಎಂದ. ಅವಳಿಗೆ ಅದು ಹಿಡಿಸಲಿಲ್ಲ ಎನ್ನುತ್ತಾರೆ.

ಗೌಡನ ಲೆಕ್ಕ ಬೇರೆಯಿತ್ತು. ಹುಲುಗಪ್ಪನನ್ನು ತಡೆದಿರುವುದು ಭಯ. ಭಯ ಇರುವುದು ಬುದ್ಧಿಯಲ್ಲಿ. ಬುದ್ಧಿಯನ್ನು ಒಂದು ಹೊತ್ತು ಸಡಿಲ ಮಾಡಿದರೆ ಕಾಲು ಹೇಳಿದ ಕಡೆ ನಡೆಯುತ್ತದೆ. ಸಂತೆಗೆ ಹೋಗುವ ದಾರಿಯಲ್ಲಿ ಠಕ್ಕರು ಮದಗುಣಕಿಯ ಬೀಜವನ್ನು ಬೆಲ್ಲದಲ್ಲಿ ಕಲಸಿ ತಿನ್ನಿಸಿದಾಗ, ತಿಂದ ದಾರಿಹೋಕ ತನ್ನ ಗಂಟನ್ನು ತಾನೇ ಬಿಚ್ಚಿಕೊಟ್ಟು, ಕರುವಿನಂತೆ ಅವರ ಹಿಂದೆ ನಡೆದನೆಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಮದಗುಣಕಿ ಎಂದರೆ ಪಟ್ಟಣದವರು ದತ್ತೂರಿ ಎನ್ನುವ ಗಿಡ: ತಿಪ್ಪೆಯ ಮೇಲೆ ತಾನಾಗಿ ಬೆಳೆಯುತ್ತದೆ, ಬಿಳಿ ಹೂವು, ಮುಳ್ಳು ಕಾಯಿ. ಆ ದಾರಿಹೋಕ ಮರುದಿನ ಏನಾದ ಎಂದು ಗೌಡ ಕೇಳಿರಲಿಲ್ಲ. ನಡೆಯುವವನ ಉಪವಾಸ ಬಿಡಿಸಲು ಗೌಡನ ಮನೆಯಿಂದ ಬೆಲ್ಲದ ಪಾನಕ ಹೋಗುವುದು ರೂಢಿ. ಆ ಬೆಳಗ್ಗೆಯೂ ಹೋಯಿತು. ಬೀಜದ ಕಹಿ ತಿಳಿಯದಂತೆ ಮೆಣಸು ಹೆಚ್ಚಾಗಿ ಅರೆದು ಹಾಕಿದ್ದರು. ಹಿಂದಿನ ದಿನದಿಂದ ಏನೂ ತಿನ್ನದವನು ಚೊಂಬು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಚೆನ್ನಾಗಿದೆ ಎಂದ.

ಪುಟ್ಟಿ ಕಟ್ಟುವ ಹೊತ್ತಿಗೆ ಎರಡೂ ಊರಿನ ಜನ ಗುಡಿಯ ಮುಂದೆ ನೆರೆದಿದ್ದರು. ಜಾಲಿಮರಡಿಯ ಕುಳವಾಡಿ ಭರಮಪ್ಪ ಸಂಕವ್ವನ ಅಣ್ಣ. ಕುಳವಾಡಿಗಳ ಮನೆಗಳಲ್ಲಿ ಹೆಣ್ಣು ಕೊಟ್ಟು ತರುವುದು ಗಡಿಯ ಆಚೆ ಈಚೆಯೇ ನಡೆಯುತ್ತಿತ್ತು. ಅವನು ಹುಲುಗಪ್ಪನ ಮುಖ ನೋಡಿ ನಕ್ಕ.

"ಏನೋ ಹುಲುಗ್ಯಾ, ಕಣ್ಣಿಗೆ ಕಾಡಿಗಿ ಹಚ್ಚೀಯೇನ? ಮದಿವಿಗೆ ಹೊಂಟಂಗ ಕಾಣ್ತಿ."

"ಬಾಯಿ ಆರೈತೋ ಭರಮ್ಯಾ" ಎಂದ ಹುಲುಗಪ್ಪ. "ನಾಲಿಗಿ ಮ್ಯಾಲ ಬೂದಿ ಹಾಕಿದಂಗ ಆಗೇತಿ. ಬಿಸಲ ಭಾಳ ಬೆಳ್ಳಗೈತಲ್ಲ ಇವತ್ತ?"

ಬಿಸಿಲು ಎಂದಿನಂತೆಯೇ ಇತ್ತು. ಅವನ ಕಣ್ಣಿನ ಪಾಪೆ ಅಗಲವಾಗಿ, ಸುತ್ತಲಿನ ಬಣ್ಣವನ್ನೆಲ್ಲ ನುಂಗಿ, ಕಣ್ಣೆಂದರೆ ಬರೀ ಕಪ್ಪು ತೂತಾಗಿತ್ತು. ಅಂಥ ಕಣ್ಣಿಗೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಅವನು ಮೊದಲ ಹೆಜ್ಜೆಯನ್ನು ಇಲ್ಲದ ಮೆಟ್ಟಿಲು ಹತ್ತುವವನಂತೆ ಎತ್ತಿಟ್ಟ. ಜನ ಉಧೋ ಎಂದರು. ಸ್ವಲ್ಪ ದೂರ ಹೋಗುವುದರೊಳಗೆ ಮುಖವೂ ಎದೆಯೂ ಕೆಂಪಗಾದವು. ದುರ್ಗಿಯ ಕಳೆ ಬಂತು ಎಂದರು. ಸುಡುವ ಬಿಸಿಲಲ್ಲಿ ಅಷ್ಟು ಭಾರ ಹೊತ್ತು ನಡೆಯುತ್ತಿದ್ದವನ ಮೈಮೇಲೆ ಒಂದು ಹನಿ ಬೆವರಿರಲಿಲ್ಲ. ತಾಯಿ ನೆರಳು ಹಿಡಿದಿದ್ದಾಳೆ ಎಂದರು. ಆಮೇಲೆ ಅವನು ಗಾಳಿಯಲ್ಲಿ ಏನನ್ನೋ ಹೆಕ್ಕತೊಡಗಿದ. ಬೆರಳುಗಳಿಂದ ಎಳೆ ಹಿಡಿದು, ಸುತ್ತಿ, ಪಕ್ಕಕ್ಕೆ ಇಟ್ಟು, ಮತ್ತೆ ಹಿಡಿಯುತ್ತಿದ್ದ. ಅದಕ್ಕೆ ಯಾರಿಗೂ ಕೂಡಲೇ ಅರ್ಥ ಹೊಳೆಯಲಿಲ್ಲ. ಕಾರಭಾರಿ ಯೋಚಿಸಿ, ದೇವಿ ಗಡಿಯ ನೂಲು ಎಳೆದು ತೋರಿಸುತ್ತಿದ್ದಾಳೆ ಎಂದ. ಎಲ್ಲರಿಗೂ ಒಪ್ಪಿಗೆಯಾಯಿತು.

ಹಿಂದೆ ನಡೆಯುತ್ತಿದ್ದ ಗೌಡನ ಆಳು, ಗೊತ್ತು ಮಾಡಿಕೊಂಡಿದ್ದಂತೆ, "ಆಚಿ ದಂಡಿಗೆ, ಆಚಿ ದಂಡಿಗೆ" ಎಂದು ಪಿಸುಗುಟ್ಟುತ್ತಲೇ ಇದ್ದ. ಹುಲುಗಪ್ಪನಿಗೆ ಅದು ಕೇಳಿಸಿರಬಹುದು. ಆದರೆ ಅವನ ಮುಂದೆ ಬೇರೊಬ್ಬ ನಡೆಯುತ್ತಿದ್ದ. "ಯಪ್ಪಾ, ಸಾವಕಾಶ ನಡಿಯಪ್ಪಾ, ಕಾಲು ನೆಲಕ್ಕ ಹತ್ತವಲ್ದು" ಎಂದು ಅವನು ಗಟ್ಟಿಯಾಗಿ, ಸಲಿಗೆಯಿಂದ, ಸತ್ತ ತಂದೆಯೊಡನೆ ಮಾತಾಡಿದ. ನಡುನಡುವೆ ಉತ್ತರಕ್ಕೆ ಕಾದ. ಉತ್ತರ ಬಂದಿರಬೇಕು, ಒಮ್ಮೆ ಹೊಟ್ಟೆ ಹಿಡಿದು ನಕ್ಕ. ಕೆರೆ ಇನ್ನೂ ದೂರವಿರುವಾಗಲೇ ಆ ತಂದೆ ಪಡುವಣಕ್ಕೆ, ತೊಂಡಿಗನೂರಿನ ಹೊಲಗೇರಿಯ ಕಡೆಗೆ ಹೊರಳಿದ. ಮಗನೂ ಹೊರಳಿದ. ಗೌಡನ ಲೆಕ್ಕದಲ್ಲಿ ತಪ್ಪಿದ್ದು ಇಷ್ಟೇ: ಮದಗುಣಕಿ ತಿಂದವನು ಕರುವಿನಂತೆ ಯಾರದೋ ಹಿಂದೆ ಹೋಗುತ್ತಾನೆ ನಿಜ, ಆದರೆ ಯಾರೆಂಬುದನ್ನು ತಿನ್ನಿಸಿದವನು ಗೊತ್ತು ಮಾಡುವಂತಿಲ್ಲ.

ತಮ್ಮ ನೆಲವನ್ನು ತಮ್ಮ ಕುಳವಾಡಿಯೇ ಬಿಟ್ಟುಕೊಡುತ್ತಾ ಹೋಗುವುದನ್ನು ತೊಂಡಿಗನೂರಿನವರು ಬಾಯಿ ತೆರೆದು ನೋಡಿದರು. ಜಾಲಿಮರಡಿಯವರು ಉತ್ಸಾಹದಿಂದ ಹಿಂಬಾಲಿಸಿದರು. ಹುಲುಗಪ್ಪ ಉಟ್ಟ ಬಟ್ಟೆಯನ್ನು ಕಿತ್ತೊಗೆದ, ಅದರಲ್ಲಿ ಇರುವೆಗಳಿವೆ ಎಂದ. ನೀರು ನೀರು ಎಂದ. ನಾಲಗೆ ಅಂಗುಳಿಗೆ ಅಂಟಿಕೊಂಡು ಆ ಮಾತೂ ಸರಿಯಾಗಿ ಹೊರಡುತ್ತಿರಲಿಲ್ಲ. ಆಗ ಸಂಕವ್ವ ಜನರನ್ನು ಸೀಳಿಕೊಂಡು ಮುಂದೆ ಬಂದಳು.

"ಇದು ದುರ್ಗಿ ಅಲ್ರೀ, ಮದಗುಣಕಿ! ನಮ್ಮ ಓಣಿ ಕೂಸು ಕಾಯಿ ತಿಂದಾಗ ಹಿಂಗ ಮಾಡಿತ್ತು, ಹಿಂಗ ಗಾಳಿ ಹೆಕ್ಕಿತ್ತು! ಪುಟ್ಟಿ ಇಳಸ್ರಿ, ಮೈಮ್ಯಾಗ ನೀರು ಹಾಕ್ರಿ, ಬದುಕ್ತಾನ!"

"ಮಣ್ಣು ತಲಿ ಮ್ಯಾಲೈತಿ. ಮುಟ್ಟಬ್ಯಾಡ್ರಿ" ಎಂದ ಕಾರಭಾರಿ.

"ಪಾನಕ ಯಾರ ಮನಿದು ಕುಡದಾನ ಕೇಳ್ರಿ! ಗೌಡ್ರ, ನೀವರ ಹೇಳ್ರಲಾ!"

ಅಡಿವೆಪ್ಪಗೌಡನಿಗೆ ಬಾಯಿ ಬಿಡುವ ಅವಕಾಶವಿತ್ತು. ನಿಜ ಹೇಳಿದರೆ ನಡಿಗೆ ರದ್ದಾಗುತ್ತಿತ್ತು, ಊರಿನ ಅರ್ಧ ಕೆರೆ ಊರಿಗೇ ಉಳಿಯುತ್ತಿತ್ತು, ಮನುಷ್ಯನೂ ಬಹುಶಃ ಉಳಿಯುತ್ತಿದ್ದ. ಗೌಡನ ಮಾನ ಮಾತ್ರ ಉಳಿಯುತ್ತಿರಲಿಲ್ಲ. ಅವನು ಪೇಟ ಸರಿಮಾಡಿಕೊಂಡು, "ಹೆಂಗಸಿಗೆ ತಲಿ ಕೆಟ್ಟೈತಿ, ಆಚಿ ಕರಕೊಂಡು ಹೋಗ್ರಿ" ಎಂದ. ಇಬ್ಬರು ಅವಳನ್ನು ತೋಳು ಹಿಡಿದು ಹಿಂದಕ್ಕೆಳೆದರು.

ಇಂದು ದಿನ್ನೆಯಿರುವ ಜಾಗದಲ್ಲಿ ಹುಲುಗಪ್ಪ ನಿಂತ. ಯಾರನ್ನೂ ಗುರುತಿಸುತ್ತಿರಲಿಲ್ಲ. ಮೈ ಕಾದ ಹಂಚಿನಂತಾಗಿತ್ತು, ಕುತ್ತಿಗೆಯ ನರ ದೂರದಿಂದ ಕಾಣುವಷ್ಟು ಬಡಿದುಕೊಳ್ಳುತ್ತಿತ್ತು. ಕೈಕಾಲು ಸೆಟೆದವು, ಬಿದ್ದ, ಒದ್ದಾಡಿದ. ಗದ್ದಕ್ಕೆ ಕಟ್ಟಿದ್ದರಿಂದ ಪುಟ್ಟಿ ತಲೆಯಿಂದ ಕಳಚಲಿಲ್ಲ. ಆದ್ದರಿಂದ ಆಗಲೂ ಯಾರೂ ಮುಟ್ಟಲಿಲ್ಲ. ಬಹಳ ಹೊತ್ತು ಹಿಡಿಯಿತು. ಸೂರ್ಯ ಮುಳುಗುವುದಕ್ಕೆ ಇನ್ನೂ ಸಾಕಷ್ಟು ಸಮಯವಿರುವಾಗಲೇ ಸತ್ತ. ಬೆಳಗ್ಗೆ ದುರ್ಗಿಯ ಕಳೆಯಾಗಿದ್ದ ಕೆಂಪು ಸಂಜೆಗೆ ದುರ್ಗಿಯ ಸಿಟ್ಟಾಯಿತು. ಬೆವರಿಲ್ಲದ ಮೈ ಪಾಪದ ಕಾವಾಯಿತು. ಸತ್ತ ತಂದೆ ದಾರಿ ತೋರಲು ಬಂದವನಲ್ಲ, ಕರೆದೊಯ್ಯಲು ಬಂದವನಾದ. ಹಾಗೆ ಹೇಳಿದವರು ಬೆಳಗ್ಗೆ ಹೇಳಿದ್ದವರೇ. ಕಾರಭಾರಿಯ ತೀರ್ಪು ಸರಳವಾಗಿತ್ತು: ಇವನು ಈ ನೆಲವನ್ನು ತನ್ನೂರಿನದೆಂದು ತುಳಿದ, ಸತ್ತ, ಆದ್ದರಿಂದ ಈ ನೆಲವೂ ತೊಂಡಿಗನೂರಿನದಲ್ಲ. ಇಡೀ ಕೆರೆ ಬೇಕೆಂದವನಿಗೆ ಅರ್ಧವೂ ಹೋಯಿತು. ಹೆಣವನ್ನು ಸುಡುವುದಕ್ಕಾಗಲಿ ಊರಿನಲ್ಲಿ ಹೂಳುವುದಕ್ಕಾಗಲಿ ಬಿಡದೆ, ಬಿದ್ದಲ್ಲೇ ಮಣ್ಣೆಳೆದರು. ಮೊದಲ ಕಲ್ಲು ಒಗೆದವನು ಅಡಿವೆಪ್ಪಗೌಡ ಎನ್ನುತ್ತಾರೆ. ಯಾರಾದರೂ ಮೊದಲು ಒಗೆಯಲೇಬೇಕಿತ್ತು.

ಮರುದಿನ ಉಳಿದ ಗಡಿಯನ್ನು ಜಾಲಿಮರಡಿಯ ಭರಮಪ್ಪ ನಡೆಯಬೇಕಾಯಿತು. ನಿಜವಾದ ಗಡಿ ಎಲ್ಲಿದೆಯೆಂದು ಹುಲುಗಪ್ಪನಷ್ಟೇ ಅವನೂ ಬಲ್ಲ. ದಿನ್ನೆಯ ಪಡುವಣ ಮಗ್ಗುಲಿನಿಂದ ಹೊರಟು, ಕೆರೆಯನ್ನು ಬಹುದೂರ ಬಿಟ್ಟು, ಉದ್ದಕ್ಕೂ ತೊಂಡಿಗನೂರಿನ ಹೊಲಗಳನ್ನೇ ತುಳಿಯಬೇಕಿತ್ತು. ಒಲ್ಲೆನೆಂದರೆ ಅವನ ಊರು ಅವನನ್ನು ಬಿಡುತ್ತಿರಲಿಲ್ಲ. ಉಪವಾಸವಿದ್ದು, ಮಿಂದು, ಮಣ್ಣು ಹೊತ್ತು ಹೊರಟ. ಪ್ರತಿ ಹೆಜ್ಜೆಗೂ ನಿಂತು, ಸಾವು ಬಂತೇ ಎಂದು ನೋಡಿ, ಇನ್ನೊಂದು ಇಡುತ್ತಿದ್ದ. ಪೂರ್ತಿ ನಡೆದು ಮುಗಿಸಿದ. ಕಾರಭಾರಿ ಗುರುತಿನ ಕಲ್ಲು ನೆಡಿಸಿದ. ಸೂರ್ಯ ಮುಳುಗಿದ. ಮಾರನೆಯ ಬೆಳಗ್ಗೆ ಭರಮಪ್ಪ ತಂಗಿಯನ್ನು ಕಾಣಲು ಹೋದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಣ್ಣಾ" ಎಂದಳು, "ನೀ ಸಾಯಲಿಲ್ಲೇನು?"

ಅವಳು ಕದ ಹಾಕಿಕೊಂಡಳು. ಆಮೇಲೆ ಅವಳು ಆ ಸೀಮೆಯಲ್ಲಿ ಕಾಣಿಸಲಿಲ್ಲ.

ಇಂದು ಹೋದರೆ ಕಲ್ಲಿನ ಗುಡ್ಡೆ ನೋಡಬಹುದು. ಅದರ ಪಡುವಣಕ್ಕೆ, ಈಗಿನ ಗಡಿಯ ಮೇಲೆ, ಒಂದು ಕೆತ್ತಿದ ಕಲ್ಲೂ ಇದೆ. ತಲೆಯ ಮೇಲೆ ಪುಟ್ಟಿ ಹೊತ್ತ ಗಂಡಸು. ಬೆನ್ನು ಬಾಗಿದೆ, ಕೈಯಲ್ಲಿ ಊರುಗೋಲು, ಬಾಯಲ್ಲಿ ಹಲ್ಲಿಲ್ಲ. ಹೊಸಬರು ಇವನೇ ಸುಳ್ಳನೆಂದು ತಿಳಿದು ಕಲ್ಲೆತ್ತುತ್ತಾರೆ. ಜಾಲಿಮರಡಿಯವರು ಓಡಿಬಂದು ಕೈ ಹಿಡಿಯುತ್ತಾರೆ. ಅದು ಭರಮಪ್ಪನ ಕಲ್ಲು, ಅದಕ್ಕೆ ಕಾಯಿ ಒಡೆಯುವುದು ವಾಡಿಕೆ. ಆ ದಿನದ ನಂತರ ಅವನು ಯಾವ ಊರು ಕರೆದರೂ ಮಣ್ಣು ಹೊತ್ತ, ಎತ್ತ ನಡೆ ಎಂದರೆ ಅತ್ತ ನಡೆದ, ಮತ್ತು ಮರಿಮಕ್ಕಳನ್ನು ಎತ್ತಿ ಆಡಿಸಿ, ಮುಪ್ಪಿನಿಂದ ಸತ್ತ.